ಕೋಳಿಯನ್ನು ಕೇಳಿ ಕಟ್ಟುವ ಚಪ್ಪರ

ನಮ್ಮಲ್ಲಿ ಒಂದು ಗಾದೆ ಉಂಟು: ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೆ? ಯಾರ ಕತ್ತು ಹೋಗುವುದೋ ಅವರ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂಬ ಕಹಿ ಮಾತನ್ನು ನಗುತ್ತ ಹೇಳುವ ಗಾದೆ ಅದು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುವ ನಾನು ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಅದರ ಇನ್ನೊಂದು ಮಗ್ಗುಲು ನನಗೆ ತಿಳಿದದ್ದು ತರಗತಿಯಲ್ಲಿ ಅಲ್ಲ, ನಮ್ಮ ಮನೆಯ ಹಿತ್ತಿಲಿನಲ್ಲಿ. ಮಸಾಲೆ ಅರೆಯುವಾಗ ಕೋಳಿಯನ್ನು ಕೇಳಬೇಕಾಗಿಲ್ಲ, ಒಪ್ಪಿದೆ. ಅದಕ್ಕೆ ಮನೆ ಕಟ್ಟುವಾಗ ಮಾತ್ರ ಕೇಳಲೇಬೇಕು. ಕೇಳದೆ ಕಟ್ಟಿ ಕೆಟ್ಟವನೊಬ್ಬನ ಅನುಭವವೆಂದು ಈ ಮಾತುಗಳನ್ನು ಓದಿರಿ.

ನಾನು ಪಶುವೈದ್ಯನಲ್ಲ, ಬಡಗಿಯೂ ಅಲ್ಲ. ಪೊನ್ನಂಪೇಟೆಯಲ್ಲಿ ಮನೆಯ ಹಿಂದೆ ನಾಲ್ಕು ಮರ, ಒಂದಿಷ್ಟು ಜಾಗ ಉಳ್ಳ ಮೇಷ್ಟ್ರು. ಮಳೆಯ ಸೀಮೆಯಲ್ಲಿ, ಮರಗಳ ನಡುವೆ, ಕೋಳಿಗಳು ಹಗಲು ಓಡಾಡುವುದಕ್ಕೆ ಮೇಲ್ಹೊದಿಕೆಯುಳ್ಳ ಒಂದು ಆವರಣವನ್ನು ಹೇಗೆ ಕಟ್ಟಬೇಕು ಎಂಬುದು ಇಂದಿನ ವಿಷಯ. ಇದಕ್ಕೆ ಕನ್ನಡದಲ್ಲಿ ಸಿದ್ಧವಾದ ಹೆಸರು ಇಲ್ಲ. ದನಕ್ಕೆ ಕೊಟ್ಟಿಗೆ ಇದೆ, ಕುದುರೆಗೆ ಲಾಯ ಇದೆ, ಕುರಿಗೆ ಹಟ್ಟಿ ಇದೆ. ಕೋಳಿಗೆ ಇರುವುದು ಗೂಡು ಒಂದೇ. ಗೂಡು ರಾತ್ರಿ ಮಲಗುವ ಜಾಗ. ಹಗಲು ಓಡಾಡುವ ಜಾಗಕ್ಕೆ ಹೆಸರು ಏಕಿಲ್ಲವೆಂದರೆ, ಆ ಜಾಗಕ್ಕೆ ಎಲ್ಲೆಯೇ ಇರಲಿಲ್ಲ. ಅಂಗಳ, ಕಣ, ಪಕ್ಕದ ಮನೆಯ ತಿಪ್ಪೆ, ತೋಟದ ಅಂಚು, ಎಲ್ಲವೂ ಅದರದೇ ಆಗಿತ್ತು. ಇಂದು ಪೇಟೆಯ ಮನೆಗಳಲ್ಲಿ ಹಾಗೆ ಬಿಡಲಾಗದು. ರಸ್ತೆಯಲ್ಲಿ ವಾಹನ, ಬೀದಿಯಲ್ಲಿ ನಾಯಿ, ಬೇಲಿಯಾಚೆ ನೆರೆಯವರ ಹೂವಿನ ಪಾತಿ. ಆದ್ದರಿಂದ ಕಟ್ಟಲೇಬೇಕಾಗಿದೆ. ನಮ್ಮ ಮನೆಯಲ್ಲಿ ನಾವು ಅದನ್ನು ಚಪ್ಪರವೆನ್ನುತ್ತೇವೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ನಮ್ಮ ಮನೆಯಲ್ಲಿ ಕೋಳಿ ಸಾಕುವವಳು ನನ್ನ ಮನೆಯಾಕೆ. ಮೊಟ್ಟೆ ಮಾರಿದ ಹಣ ಅವಳ ಸ್ವಂತ ಹಣ. ಅಡಿಗೆಮನೆಯ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಉಂಟು. ಅದಕ್ಕೆ ನಾನು ಕೈ ಹಾಕಿದವನಲ್ಲ. ಮಗಳು ಕಾಲೇಜು ಸೇರಿದಾಗ ಹಾಸ್ಟೆಲಿನ ಮೊದಲ ಕಂತು ಹೋದದ್ದು ಆ ಡಬ್ಬಿಯಿಂದ. ಮಡಿಕೇರಿ ನಿಲಯವನ್ನು ನಾವು ಕೇಳುವ ರೇಡಿಯೋ ಬಂದದ್ದೂ ಅದರಿಂದಲೇ. ಇಂಥ ಕೋಳಿಗಳಿಗೆ 2017ರ ಜನವರಿಯಲ್ಲಿ, ರಜೆಯ ಎರಡು ದಿನ ಕುಳಿತು, ನಾನೇ ಒಂದು ಚಪ್ಪರ ಕಟ್ಟಿದೆ. ಹಿತ್ತಿಲ ನಡುವೆ ನನ್ನ ತಾಯಿ ನೆಟ್ಟ ಹಲಸಿನ ಮರ. ಎದುರಿಗೆ ಎರಡು ಬಿದಿರಿನ ಕಂಬ ಹೂಳಿದೆ. ಈಚೆಗೆ ಹಲಸು ಇರುವಾಗ ಮತ್ತೆ ಕಂಬವೇಕೆ ಎಂದು ಮರಕ್ಕೇ ದಪ್ಪ ತಂತಿಯನ್ನು ಎರಡು ಸುತ್ತು ಬಿಗಿದೆ. ಅದರ ಮೇಲೆ ತಂತಿಬಲೆ, ಬಲೆಯ ಮೇಲೆ ಕಾಫಿ ಒಣಗಿಸುವ ಹಳೆಯ ಟಾರ್ಪಾಲು. ಖರ್ಚು ಕಡಿಮೆಯಾಯಿತೆಂದು ಹೆಮ್ಮೆಪಟ್ಟೆ. ಮನೆಯಾಕೆ ಬಂದು ನೋಡಿ, "ಮಳೆ ಈ ಕಡೆಯಿಂದ ಹೊಡೆಯುತ್ತದಲ್ಲ" ಎಂದಳು. "ನೀನು ಸುಮ್ಮನಿರು, ಟಾರ್ಪಾಲು ಇದೆ" ಎಂದೆ.

ಎರಡು ಮಳೆಗಾಲ ಚಪ್ಪರ ಹೇಗೋ ನಿಂತಿತು. 2019ರ ಆಗಸ್ಟಿನ ಮಳೆ ನಿಮಗೆ ನೆನಪಿರಬೇಕು. ತೋರ ಗ್ರಾಮದಲ್ಲಿ ಗುಡ್ಡ ಜರಿದು ಜೀವಗಳು ಹೋದ ವಾರ ಅದು. ಆ ದುಃಖದ ಮುಂದೆ ನಮ್ಮ ಕೋಳಿಗಳ ಮಾತು ಬಲು ಚಿಕ್ಕದು. ಅಂದು ನಾವೂ ಯಾರೊಡನೆಯೂ ಆಡಲಿಲ್ಲ. ಒಂದು ರಾತ್ರಿ ಚಪ್ಪರ ಕುಸಿಯಿತು. ಬೆಳಗ್ಗೆ ನೋಡಿದರೆ ಹನ್ನೊಂದರಲ್ಲಿ ಏಳು ಕೋಳಿ ಸತ್ತಿದ್ದವು. ಕೆಲವು ಟಾರ್ಪಾಲಿನ ನೀರಿನ ಭಾರಕ್ಕೆ ಸಿಕ್ಕಿದ್ದವು, ಕೆಲವು ನೆನೆದು ಚಳಿಗೆ ಮುದುಡಿದ್ದವು. ಮನೆಯಾಕೆ ಬೈಯಲಿಲ್ಲ. ಉಳಿದ ನಾಲ್ಕನ್ನು ಬುಟ್ಟಿಯಲ್ಲಿಟ್ಟು ಒಲೆಯ ಬಳಿಗೆ ಒಯ್ದಳು. ಸಂಜೆ ಮಾತ್ರ ಒಂದು ಮಾತು ಹೇಳಿದಳು: "ದಿನಾ ಬೆಳಗ್ಗೆ ಅಲ್ಲಿ ನಿಲ್ಲುವವಳು ನಾನು. ಒಮ್ಮೆ ಕೇಳಬಹುದಿತ್ತು."

ಹೌದು, ಕೇಳಬಹುದಿತ್ತು. ಆಮೇಲೆ ಕೇಳಿದೆ. ಅವಳನ್ನು ಕೇಳಿದೆ, ತೋಟದ ಕೆಲಸ ಬಲ್ಲವರನ್ನು ಕೇಳಿದೆ, ಪಶುವೈದ್ಯರನ್ನು ಕೇಳಿದೆ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ ಇರುವುದು ನಿಮಗೆ ಗೊತ್ತು. ಅಲ್ಲಿ ಓದಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನೂ ಕೇಳಿದೆ. ಹೀಗೆ ತಿಳಿದುಕೊಂಡದ್ದನ್ನು ಮೂರು ಪ್ರಶ್ನೆಗಳಾಗಿ ನಿಮ್ಮ ಮುಂದಿಡುತ್ತೇನೆ. ಚಪ್ಪರ ಕಟ್ಟುವವರು ಮೊದಲು ಮಳೆಯನ್ನು ಕೇಳಬೇಕು, ಆಮೇಲೆ ಮರವನ್ನು, ಕೊನೆಗೆ ಕೋಳಿಯನ್ನು.

ಮಳೆಯನ್ನು ಕೇಳುವುದೆಂದರೆ ಲೆಕ್ಕ ಹಾಕುವುದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಭಾಗಮಂಡಲ ಅದನ್ನೂ ಮೀರಿಸುತ್ತದೆ. ನಮ್ಮ ಪೊನ್ನಂಪೇಟೆಯ ಕಡೆ ಅಷ್ಟಿಲ್ಲ. ಆದರೂ ಕಕ್ಕಡ ಮಾಸದಲ್ಲಿ ಒಂದೇ ದಿನ 100 ಮಿಲಿಮೀಟರು ಬಿದ್ದರೆ ಯಾರೂ ಬೆರಗಾಗುವುದಿಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ಹತ್ತಡಿ ಉದ್ದ ಹತ್ತಡಿ ಅಗಲದ ಚಪ್ಪರಕ್ಕೆ ಸುತ್ತಲೂ ಎರಡಡಿ ಸೂರು ಬಿಟ್ಟರೆ ಮಾಡು ಹದಿನಾಲ್ಕು ಅಡಿ ಚೌಕವಾಗುತ್ತದೆ, ಅಂದರೆ ಸುಮಾರು 18 ಚದರ ಮೀಟರು. ಅಂಥ ಒಂದು ದಿನ ಅದರ ಮೇಲಿಂದ ಇಳಿಯುವ ನೀರು 1,800 ಲೀಟರು. ಹದಿನೈದು ಲೀಟರಿನ ಕೊಡದಲ್ಲಿ ನೂರಿಪ್ಪತ್ತು ಕೊಡ! ಅಷ್ಟು ನೀರನ್ನು ಎಲ್ಲಿಗೆ ಕಳುಹಿಸುತ್ತೇವೆಂಬುದನ್ನು ಮೊದಲು ನಿಶ್ಚಯಿಸಿ, ಆಮೇಲೆ ಕಂಬದ ಗುಂಡಿ ತೋಡಬೇಕು.

ಹಿಮ ಬೀಳುವ ದೇಶಗಳಲ್ಲಿ ಕೋಳಿ ಸಾಕುವವರಿಗೆ ಇರುವ ಚಿಂತೆ ಭಾರದ್ದು. ಒಂದಡಿ ದಪ್ಪ ಹೊಸ ಹಿಮ ಬಿದ್ದರೆ ಚದರ ಮೀಟರಿಗೆ ಸುಮಾರು 30 ಕಿಲೋ ತೂಕ; ಅದೇ ಹಿಮ ಕುಸಿದು ನೀರು ಕುಡಿದು ಒದ್ದೆಯಾದರೆ, ಅಷ್ಟೇ ದಪ್ಪಕ್ಕೆ 100 ಕಿಲೋ ಆದೀತು. ಬರಿಯ ಬಲೆಯನ್ನು ಹೊದಿಸಿದರೂ ಒದ್ದೆ ಹಿಮ ಕಣ್ಣುಗಳಲ್ಲಿ ಕಚ್ಚಿಕೊಂಡು ಬಲೆಯೇ ಹಾಸಿಗೆಯಂತಾಗಿ ಜೋತುಬೀಳುತ್ತದೆ. ಮೇಲಿನ ಮರದ ಕೊಂಬೆಗಳು ಹೊತ್ತ ಹಿಮವೂ ಒಮ್ಮೆಲೇ ಜಾರಿ ಅದರ ಮೇಲೆ ಬೀಳುತ್ತದೆ. ಆದ್ದರಿಂದ ಅವರು ಮಾಡಿಗೆ ಕಡಿದಾದ ಇಳಿಜಾರು ಕೊಡುತ್ತಾರೆ, ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸುತ್ತಾರೆ. ಇದನ್ನು ಓದಿದಾಗ ನಮಗೆ ಹಿಮವಿಲ್ಲ, ನಾವು ಧನ್ಯರು ಎಂದುಕೊಂಡೆ. ಆಮೇಲೆ ನನ್ನ ಟಾರ್ಪಾಲಿನ ಲೆಕ್ಕ ಹಾಕಿದೆ. ಟಾರ್ಪಾಲು ಒಂದು ಮೀಟರು ಚೌಕದಷ್ಟು ಜೋತು, ಅಲ್ಲಿ ಅಂಗೈ ಅಗಲದಷ್ಟು, ಅಂದರೆ ಹತ್ತು ಸೆಂಟಿಮೀಟರು ಆಳ ನೀರು ನಿಂತರೆ ಅದು 100 ಲೀಟರು, 100 ಕಿಲೋ. ಜೋತಷ್ಟೂ ನೀರು ನಿಲ್ಲುತ್ತದೆ, ನೀರು ನಿಂತಷ್ಟೂ ಜೋಲುತ್ತದೆ. ಹಿಮದ ಭಾರವನ್ನು ನಾನೇ ಕೈಯಾರೆ ಹಿತ್ತಿಲಿಗೆ ತಂದಿದ್ದೆ.

ಆದಕಾರಣ ಮಳೆಸೀಮೆಯ ಚಪ್ಪರಕ್ಕೆ ಟಾರ್ಪಾಲಿನ ಮಾಡು ಬೇಡ. ಜಿಂಕಿನ ಶೀಟು ಹೊದಿಸಿರಿ. ನಾಲ್ಕಡಿಗೆ ಒಂದಡಿ ಇಳಿಯುವಂತೆ ಇಳಿಜಾರು ಕೊಡಿರಿ. ಇಳಿಜಾರು ಮನೆಯ ಕಡೆಗಾಗಲಿ ಮರದ ಬುಡಕ್ಕಾಗಲಿ ಇರಕೂಡದು. ಸೂರಿನಂಚಿಗೆ ಒಂದು ದಂಬೆ ಕಟ್ಟಿ ನೀರನ್ನು ಚರಂಡಿಗೆ ಕೊಡಿರಿ. ಹಿತ್ತಿಲು ಏರುತಗ್ಗಾಗಿದ್ದರೆ ಚಪ್ಪರದ ಮೇಲ್ಗಡೆ ಒಂದಡಿ ಆಳದ ಕಾಲುವೆ ತೆಗೆದು ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿರಿ. ಮೇಲಿನಿಂದ ಬೀಳುವ ಮಳೆಗಿಂತ ಕೆಳಗಿನಿಂದ ನುಗ್ಗುವ ನೀರೇ ಹೆಚ್ಚು ಕೆಡಿಸುತ್ತದೆ. ನಮ್ಮ ಮಳೆ ನೆಟ್ಟಗೆ ಬೀಳುವುದೂ ಅಪರೂಪ. ಮುಂಗಾರು ಗಾಳಿಯೊಡನೆ ಪಡುವಣ, ನೈರುತ್ಯ ದಿಕ್ಕುಗಳಿಂದ ಓರೆಯಾಗಿ ಹೊಡೆಯುತ್ತದೆ. ಆ ಬದಿಗೆ ಬಿದಿರಿನ ತಟ್ಟಿ ಕಟ್ಟಿರಿ. ತಟ್ಟಿ ಮಾಡಿನವರೆಗೂ ಏರಬಾರದು; ಮೇಲೆ ಒಂದಡಿ ತೆರವಿರಲಿ. ಗಾಳಿಯಾಡದೆ ಮುಚ್ಚಿದರೆ ಒಳಗಿನ ಉಸಿರಿನ ತೇವವೇ ಮಳೆಯಂತಾಗುತ್ತದೆ. ನನ್ನ ಟಾರ್ಪಾಲನ್ನು ಈಗ ಎಸೆದಿಲ್ಲ. ಗಾಳಿ ಜೋರಾದ ದಿನ ತಟ್ಟಿಯ ಹೊರಬದಿಗೆ ಪರದೆಯಾಗಿ ಇಳಿಬಿಡುತ್ತೇವೆ.

ಇನ್ನು ಮರ. ಚಪ್ಪರ ಕುಸಿದ ಮೇಲೆ ಬಂದು ನೋಡಿದ ಆ ಹಳೆಯ ವಿದ್ಯಾರ್ಥಿ ಸತ್ತ ಕೋಳಿಗಳ ಮಾತನ್ನು ಎತ್ತಲಿಲ್ಲ. ನೇರವಾಗಿ ಹಲಸಿನ ಬಳಿಗೆ ಹೋಗಿ ಕಾಂಡವನ್ನು ಸವರಿ, "ಸಾರ್, ಮರಕ್ಕೆ ಉರುಳು ಹಾಕಿದ್ದೀರಿ" ಎಂದ. ನೋಡಿದೆ. ಎರಡೂವರೆ ವರ್ಷದಲ್ಲಿ ತಂತಿ ತೊಗಟೆಯೊಳಗೆ ಅರ್ಧ ಮುಳುಗಿತ್ತು. ಅದರ ಮೇಲ್ಗಡೆ ಕಾಂಡ ಊದಿಕೊಂಡು ತುಟಿಯಂತೆ ಮಡಿಸಿತ್ತು. ತಾಯಿಯ ಮರ ಅದು. ಪಾಠ ಹೇಳಿದವನ ಮುಂದೆ ಪಾಠ ಹೇಳಿಸಿಕೊಂಡವನು ನಿಂತು ವಿವರಿಸಿದ, ನಾನು ಕೈಕಟ್ಟಿ ಕೇಳಿದೆ.

ಅವನು ಹೇಳಿದ್ದು ಇಷ್ಟು. ಮರ ಬೆಳೆಯುವುದು ತೊಗಟೆಯ ಅಡಿಯಲ್ಲಿರುವ ಒಂದು ತೆಳುವಾದ ಜೀವಂತ ಪದರದಲ್ಲಿ. ಅದು ಒಳಗಡೆಗೆ ಮರವನ್ನೂ ಹೊರಗಡೆಗೆ ತೊಗಟೆಯನ್ನೂ ಬೆಳೆಸುತ್ತ ಹೋಗುತ್ತದೆ. ಎಲೆಗಳು ಅಟ್ಟ ಅಡಿಗೆ ಬೇರಿಗೆ ಇಳಿಯುವುದು ಒಳತೊಗಟೆಯ ದಾರಿಯಲ್ಲಿ. ಕಾಂಡ ದಪ್ಪವಾಗುತ್ತದೆ, ತಂತಿ ದಪ್ಪವಾಗುವುದಿಲ್ಲ. ತಂತಿ ಆ ದಾರಿಯನ್ನು ಹಿಸುಕಿದರೆ ಬೇರು ಉಪವಾಸ ಬೀಳುತ್ತದೆ. ಬೇರು ಸೊರಗಿದ ಮರ ಎಲೆ ಹಸುರಾಗಿದ್ದಾಗಲೇ ಒಳಗೊಳಗೆ ಸಾಯತೊಡಗಿರುತ್ತದೆ. ಅಲ್ಲದೆ ಮರ ಗಾಳಿಗೆ ತೂಗುತ್ತದೆ. ದೊಡ್ಡ ಮರದ ಕಾಂಡ ಒಂದು ಬೆರಳಿನಷ್ಟು ಅಲುಗಿದರೂ ಅದಕ್ಕೆ ಕಟ್ಟಿದ ಚಪ್ಪರವನ್ನು ಜಗ್ಗಿಬಿಡುವ ಬಲ ಅದಕ್ಕುಂಟು. ಚಪ್ಪರದಿಂದ ಮರ ಕೆಟ್ಟಿತು, ಮರದಿಂದ ಚಪ್ಪರ ಕೆಟ್ಟಿತು. ಮರವನ್ನು ಕಂಬವೆಂದು ಭಾವಿಸಿದ್ದೇ ಮೂಲದ ತಪ್ಪು.

ತಂತಿಯನ್ನು ಏನು ಮಾಡುವುದೆಂದು ಕೇಳಿದೆ. ಹೊರಗೆ ಕಾಣುವಷ್ಟನ್ನು ಅಲ್ಲಲ್ಲಿ ಕತ್ತರಿಸಿ ಬಿಗಿತ ಬಿಡಿಸಿದ; ಒಳಗೆ ಹುದುಗಿದ್ದನ್ನು ಕೀಳಹೋಗಲಿಲ್ಲ. ಕೀಳಹೋದರೆ ಉಳಿದ ತೊಗಟೆಯೂ ಹರಿಯುತ್ತದೆ ಎಂದ. ಮರುವರ್ಷ ಒಂದು ದೊಡ್ಡ ಕೊಂಬೆ ಒಣಗಿತು. ಮರ ಉಳಿಯಿತು. ಕಾಯಿ ಮೊದಲಿನಷ್ಟು ಬಿಡುವುದಿಲ್ಲ.

ಆದ್ದರಿಂದ ಚಪ್ಪರ ತನ್ನ ಕಾಲಮೇಲೆ ತಾನು ನಿಲ್ಲಬೇಕು. ಕಂಬದ ಗುಂಡಿಗಳು ದೊಡ್ಡ ಮರದ ಬುಡದಿಂದ ಐದಡಿಯಾದರೂ ದೂರವಿರಲಿ. ತೋಡುವಾಗ ಮಣಿಕಟ್ಟಿನಷ್ಟು ದಪ್ಪದ ಬೇರು ಸಿಕ್ಕಿದರೆ ಬೇರನ್ನು ಕಡಿಯಬೇಡಿ, ಗುಂಡಿಯನ್ನು ಸರಿಸಿರಿ. ಜಾಗವಿದ್ದರೆ ಎಲ್ಲಕ್ಕಿಂತ ಮೇಲಾದ ಏರ್ಪಾಡು ಎರಡು ಭಾಗದ್ದು. ಒಂದು ಭಾಗಕ್ಕೆ ಶೀಟಿನ ಮಾಡು. ಅದು ಮರದ ಪಕ್ಕಕ್ಕೆ ಬಂದು ನಿಲ್ಲಲಿ. ಇನ್ನೊಂದು ಭಾಗ ಮರವನ್ನು ಒಳಗಿಟ್ಟುಕೊಂಡು, ಸುತ್ತಲೂ ಮೇಲೆಯೂ ಬರಿಯ ಬಲೆ. ನಡುವೆ ಒಂದು ಚಿಕ್ಕ ಬಾಗಿಲು. ಬೇಸಗೆಯಲ್ಲಿ ಕೋಳಿಗಳು ಮರದ ನೆರಳಿಗೆ ಹೋಗುತ್ತವೆ, ಮಳೆ ಹಿಡಿದಾಗ ಮಾಡಿನಡಿಗೆ ಬರುತ್ತವೆ. ಹಿತ್ತಿಲು ಇಕ್ಕಟ್ಟಾಗಿ, ಮರ ಮಾಡಿನ ನಡುವೆಯೇ ಹಾದುಹೋಗಬೇಕಾದರೆ, ಕಾಂಡದ ಸುತ್ತ ಎಲ್ಲ ಕಡೆಯೂ ಒಂದು ಗೇಣು ತೆರವು ಬಿಟ್ಟು ಶೀಟು ಕತ್ತರಿಸಿರಿ. ಆ ತೆರವಿನ ಮೇಲೆ ಲಾರಿ ಟಯರಿನ ಹಳೆಯ ಟ್ಯೂಬನ್ನು ಸೀಳಿ ಲಂಗದಂತೆ ಇಳಿಬಿಡಿರಿ. ಲಂಗದ ಮೇಲಂಚನ್ನು ಕಾಂಡಕ್ಕೆ ರಬ್ಬರಿನ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ವರ್ಷಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಿರಿ. ಎಷ್ಟು ಜಾಣತನದಿಂದ ಕಟ್ಟಿದರೂ ಒಂದಿಷ್ಟು ನೀರು ಕಾಂಡವನ್ನು ಹಿಡಿದು ಇಳಿದೇ ಇಳಿಯುತ್ತದೆ. ಅದು ಮರದ ಹಕ್ಕು. ಬುಡದ ಸುತ್ತ ಕಲ್ಲಿನ ಬಳೆಯಿಟ್ಟು ಆ ನೀರು ಅಲ್ಲೇ ಇಂಗುವಂತೆ ಬಿಡಿರಿ.

ಬುಡದ ಬಗ್ಗೆ ಇನ್ನೂ ಎರಡು ಮಾತು. ನೆಲ ಒಣಗಿರಲಿ ಎಂದು ಚಪ್ಪರದ ಒಳಗನ್ನು ಮಣ್ಣು ಹಾಕಿ ಎತ್ತರಿಸುವುದು ಒಳ್ಳೆಯದೇ. ಆದರೆ ಆ ಮಣ್ಣು ಮರದ ಬುಡವನ್ನು ಮುಚ್ಚಬಾರದು. ಕಾಂಡ ಅಗಲವಾಗಿ ಬೇರಿಗೆ ಇಳಿಯುವ ಜಾಗ ಗಾಳಿಗೆ ತೆರೆದಿರಬೇಕು. ಹೂತರೆ ತೊಗಟೆ ಕೊಳೆಯುತ್ತದೆ. ಸಿಮೆಂಟಂತೂ ಬೇಡವೇ ಬೇಡ. ಎರಡನೆಯದು, ಕೋಳಿ ಕೆದಕುವ ಹಕ್ಕಿ. ಮರದ ಉಣ್ಣುವ ಬೇರುಗಳು ಬಹುಪಾಲು ನೆಲದ ಮೇಲಿನ ಒಂದೆರಡು ಅಡಿಯಲ್ಲೇ ಹರಡಿರುತ್ತವೆ. ಹತ್ತು ಕೋಳಿಗಳು ಒಂದೇ ಬುಡವನ್ನು ದಿನವೂ ಕೆದಕಿದರೆ ಬೇರು ಬಯಲಾಗುತ್ತದೆ; ಹಸಿಯ ಹಿಕ್ಕೆ ರಾಶಿಯಾದರೆ ಅದರ ಉರಿಗೆ ಬೇರು ಸುಡುತ್ತದೆ. ಬುಡದ ಸುತ್ತ ಚಪ್ಪಟೆ ಕಲ್ಲು ಹಾಸಿದರೆ ಎರಡೂ ತಪ್ಪುತ್ತವೆ. ಗೊಬ್ಬರವನ್ನು ತರಗೆಲೆಯೊಡನೆ ಕೆಲವು ತಿಂಗಳು ಕೊಳೆಯಿಸಿ ಕಾಫಿಗೋ ತರಕಾರಿಗೋ ಹಾಕಿರಿ.

ಯಾವ ಮರದ ಬಳಿ ಕಟ್ಟಬೇಕು? ತೆಂಗಿನ ಅಡಿಯಲ್ಲಿ ಎಂದಿಗೂ ಬೇಡ. ಕಾಯಿಯೂ ಮಡಲೂ ಹೇಳಿ ಬೀಳುವುದಿಲ್ಲ. ಹಾಲುವಾಣ ಮೆದುಮರ, ಗಾಳಿಗೆ ಕೊಂಬೆ ಬೇಗ ಮುರಿಯುತ್ತದೆ. ಪೇರಳೆಯಂಥ ಕುಳ್ಳಮರಗಳು ಬಹಳ ಹಿತ. ಹಲಸಿನ ನೆರಳು ದಟ್ಟ. ಹಣ್ಣು ಕಾಂಡದಲ್ಲೂ ದಪ್ಪ ಕೊಂಬೆಯಲ್ಲೂ ಬಿಡುವುದರಿಂದ ಎಲ್ಲಿ ಬೀಳಬಹುದೆಂದು ಮೊದಲೇ ಕಾಣುತ್ತದೆ. ಮಾಡಿನ ಮೇಲ್ಗಡೆಯ ಕಾಯಿಗಳನ್ನು ಎಳೆಯದಾಗಿರುವಾಗಲೇ ಪಲ್ಯಕ್ಕೆ ಇಳಿಸಿಬಿಡಿರಿ. ದಕ್ಷಿಣ ಕೊಡಗಿನವರಿಗೆ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಹಲಸಿನ ಹಣ್ಣಿನ ಪರಿಮಳಕ್ಕೆ ಕಾಡಾನೆ ಬರುತ್ತದೆ, ಮತ್ತು ಆನೆಯನ್ನು ತಡೆಯುವ ಕೋಳಿಬಲೆಯನ್ನು ಇದುವರೆಗೆ ಯಾವ ಅಂಗಡಿಯವರೂ ಮಾರಿಲ್ಲ. ಮಳೆಗೆ ಮುಂಚೆ ತೋಟಗಳಲ್ಲಿ ಮರ ಕಪಾತು ಮಾಡುವಾಗಲೇ ಮಾಡಿನ ಮೇಲಿನ ಒಣಕೊಂಬೆಗಳನ್ನು ತೆಗೆಸಿಬಿಡಿರಿ. ಬಲೆಯ ಮೇಲೆ ಬಿದ್ದ ತರಗೆಲೆಯನ್ನು ವಾರಕ್ಕೊಮ್ಮೆ ಉದುರಿಸಿರಿ. ಎಲೆ ನಿಂತರೆ ನೀರು ನಿಲ್ಲುತ್ತದೆ, ನೀರು ನಿಂತ ಕಥೆ ನಿಮಗೆ ಹೇಳಿಯಾಗಿದೆ.

ಕೊನೆಗೆ ಕೋಳಿ. ನಮ್ಮ ಕಾಡಂಚಿನಲ್ಲಿ ಬೂದುಬಣ್ಣದ ಕಾಡುಕೋಳಿ ಕೂಗುವುದನ್ನು ಕೊಡಗಿನಲ್ಲಿ ಕೇಳದವರಿಲ್ಲ. ಲೋಕದ ಸಾಕುಕೋಳಿಗಳೆಲ್ಲ ಮುಖ್ಯವಾಗಿ ಕೆಂಪು ಕಾಡುಕೋಳಿಯ ವಂಶ. ಆದರೆ ಬಹಳ ಸಾಕುಕೋಳಿಗಳಿಗೆ ಇರುವ ಹಳದಿ ಚರ್ಮದ ಗುಣ ಈ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಸ್ವೀಡನ್ನಿನ ಉಪ್ಸಲ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿಕೊಟ್ಟರು. ಹಿಮದ ನಾಡಿನ ಕೋಳಿಯ ಕಾಲಿನ ಹಳದಿಯಲ್ಲೂ ದಕ್ಷಿಣ ಭಾರತದ ಕಾಡಿನ ನೆನಪಿದೆ ಎಂದಾಯಿತು. ಈ ಕಾಡುಕೋಳಿ ಹಗಲು ಮರದಡಿಯ ತರಗು ಕೆದಕುತ್ತದೆ, ರಾತ್ರಿ ಕೊಂಬೆ ಏರಿ ಮಲಗುತ್ತದೆ. ಬಯಲಿಗೆ ಬಂದರೆ ಗಿಡುಗದ ಭಯ. ನಮ್ಮ ನಾಟಿಕೋಳಿಯಾಗಲಿ, 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಗಿರಿರಾಜವಾಗಲಿ, ಈ ಸ್ವಭಾವವನ್ನು ಬಿಟ್ಟಿಲ್ಲ. ಮರ, ತರಗು, ಏರಿ ಕೂರಲು ಒಂದು ಕೊಂಬೆ, ತಲೆಯ ಮೇಲೆ ಒಂದು ಮರೆ: ಕೋಳಿಯನ್ನು ಕೇಳಿದರೆ ಅದು ಹೇಳುವುದು ಇವೇ.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಒಳಗೇ ಇರಬೇಕಾದ್ದರಿಂದ ಮಾಡಿನಡಿಯ ಭಾಗದಲ್ಲಿ ಕೋಳಿಯೊಂದಕ್ಕೆ ಹತ್ತು ಚದರಡಿ ಎಣಿಸಿರಿ. ಹತ್ತು ಕೋಳಿಗೆ ನೂರು ಚದರಡಿ. ಮೇಲೆ ಹೇಳಿದ ಹತ್ತಡಿ ಚೌಕ ಈ ಲೆಕ್ಕದಿಂದ ಬಂದದ್ದು. ಕೂರುವ ಕೋಲು ಎರಡಂಗುಲ ಅಗಲದ ಮರದ್ದಾಗಿರಲಿ, ಅಂಚು ಗುಂಡಗಿರಲಿ, ಕೋಳಿಗೆ ಒಂದು ಗೇಣು ಜಾಗವಿರಲಿ. ಅದು ಮೊಟ್ಟೆಯಿಡುವ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಪೆಟ್ಟಿಗೆಯಲ್ಲೇ ಮಲಗಿ ಹೊಲಸು ಮಾಡುತ್ತವೆ. ನಾಲ್ಕೈದು ಹೇಟೆಗಳಿಗೆ ಒಂದು ಪೆಟ್ಟಿಗೆ ಸಾಕು. ಮೋಡ ಮುಚ್ಚಿದ ದಿನಗಳಲ್ಲಿ ಒಳಗೆ ಕತ್ತಲಾದರೆ ಮೊಟ್ಟೆ ಇಳಿಯುತ್ತದೆ, ಏಕೆಂದರೆ ಹೇಟೆ ಮೊಟ್ಟೆಯಿಡುವುದು ಬೆಳಕಿನ ಲೆಕ್ಕದಲ್ಲಿ. ನಮ್ಮ ಹಳೆಯ ಮನೆಗಳಲ್ಲಿ ಗಾಜಿನ ಹಂಚು ಇಡುವಂತೆ, ಮಾಡಿನ ಶೀಟುಗಳ ನಡುವೆ ಬೆಳಕು ಬಿಡುವ ಒಂದು ಶೀಟು ಸೇರಿಸಿರಿ.

ನೆಲದ ಮೇಲೆ ನಾಲ್ಕರಿಂದ ಆರಂಗುಲ ಭತ್ತದ ಹೊಟ್ಟನ್ನೋ ಮರದ ಹುಡಿಯನ್ನೋ ಹಾಸಿ, ವಾರಕ್ಕೆರಡು ಸಲ ಕೆದರಿ ಮಗುಚಿರಿ. ಒಂದು ಹಿಡಿ ತೆಗೆದು ಹಿಸುಕಿ ನೋಡಿರಿ. ಕೈ ತೆರೆದಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೇವ ಹೆಚ್ಚಾಗಿದೆ. ಆಗ ಸ್ವಲ್ಪ ಸುಣ್ಣ ಬೆರಸಿ, ಒಣಹೊಟ್ಟು ಸೇರಿಸಬೇಕು. ಮನೆಯಾಕೆ ಇದಕ್ಕಿಂತ ಸುಲಭದ ಪರೀಕ್ಷೆ ಕಲಿಸಿದಳು. "ನಿಂತು ಮೂಸಬೇಡಿ, ಕುಕ್ಕುರುಗಾಲಲ್ಲಿ ಕೂತು ಮೂಸಿ" ಎಂದಳು. ಕೂತೆ; ಮೂಗಿಗೆ ಘಾಟು ಹೊಡೆಯಿತು, ಕಣ್ಣು ಉರಿಯಿತು. ನನ್ನ ಎತ್ತರದಲ್ಲಿ ಗಾಳಿ ಚೆನ್ನಾಗಿತ್ತು. ಕೋಳಿ ಉಸಿರಾಡುವ ಎತ್ತರದಲ್ಲಿ ಅಮೋನಿಯ ತುಂಬಿತ್ತು. ಒದ್ದೆ ಹೊಟ್ಟಿನಲ್ಲೇ ರಕ್ತಭೇದಿಯ ಬೀಜ ಮೊಳೆಯುವುದು. ಮರಿಗಳು ಅದಕ್ಕೆ ಬೇಗ ತುತ್ತಾಗುತ್ತವೆ. ಕೊಕ್ಕರೆ ರೋಗಕ್ಕೆ ಮಾತ್ರ ಯಾವ ಮಾಡೂ ಅಡ್ಡವಲ್ಲ, ಲಸಿಕೆಯೊಂದೇ ದಾರಿ. ಹತ್ತಿರದ ಪಶುವೈದ್ಯರನ್ನು ಕೇಳಿ ಹೊತ್ತಿಗೆ ಸರಿಯಾಗಿ ಹಾಕಿಸಿರಿ.

ಒಂದು ಮೂಲೆಯಲ್ಲಿ ಒಣಮಣ್ಣು, ಮರಳು, ಒಲೆಯ ಬೂದಿ ಬೆರಸಿದ ತೊಟ್ಟಿ ಇಡಿರಿ. ಕೋಳಿ ಮೀಯುವುದು ಮಣ್ಣಿನಲ್ಲಿ. ಮೈಯ ಹೇನನ್ನು ಹಾಗೆ ನೀಗಿಕೊಳ್ಳುತ್ತದೆ. ನಾಲ್ಕು ತಿಂಗಳು ಊರೆಲ್ಲ ನೆನೆದಿರುವಾಗ ಅದಕ್ಕೆ ಒಂದು ಹಿಡಿ ಒಣಮಣ್ಣು ಕೊಡುವುದೇ ದೊಡ್ಡ ಉಪಚಾರ.

ಕಳ್ಳರನ್ನೂ ಮರೆಯಬಾರದು. ಹಗಲು ಮುಂಗುಸಿ, ಗಿಡುಗ. ರಾತ್ರಿ ಕಾಡುಬೆಕ್ಕು, ಪುನುಗು ಬೆಕ್ಕು, ಹಾವು. ಅಗ್ಗದ ಷಟ್ಕೋನದ ಬಲೆ ಕೋಳಿಯನ್ನು ಒಳಗೆ ತಡೆಯುತ್ತದೆಯೇ ಹೊರತು ಬೆಕ್ಕನ್ನು ಹೊರಗೆ ತಡೆಯುವುದಿಲ್ಲ. ಕೆಳಗಿನ ಮೂರಡಿಗಾದರೂ ಅರ್ಧ ಅಂಗುಲ ಕಣ್ಣಿನ ವೆಲ್ಡ್‌ಮೆಷ್ ಹಾಕಿರಿ. ಅದರ ಅಂಚನ್ನು ಹೊರಮುಖವಾಗಿ ಒಂದಡಿ ನೆಲದಲ್ಲಿ ಹಾಸಿ ಮಣ್ಣು ಮುಚ್ಚಿದರೆ ತೋಡುವ ಪ್ರಾಣಿ ಬಲೆಯ ಮೇಲೇ ತೋಡಿ ಸೋಲುತ್ತದೆ. ಮರವಿರುವ ಚಪ್ಪರಕ್ಕೆ ಇನ್ನೊಂದು ಬಾಗಿಲು ತಾನಾಗಿಯೇ ಇರುತ್ತದೆ; ಕಾಂಡದ ಸುತ್ತ ಬಿಟ್ಟ ಆ ಒಂದು ಗೇಣು. ಪುನುಗು ಬೆಕ್ಕಿಗೆ ಮರ ಏಣಿ, ತೆರವು ಹೆಬ್ಬಾಗಿಲು. ಅಲ್ಲಿ ಬಲೆಯ ತುಂಡುಗಳನ್ನು ಮೀನಿನ ಪೊರೆಯಂತೆ ಒಂದರ ಮೇಲೊಂದು ಬರುವಂತೆ ಹೊಂದಿಸಿ, ಮಾಡಿನ ಬದಿಗೆ ಮಾತ್ರ ಕಟ್ಟಿರಿ, ಕಾಂಡಕ್ಕೆ ಕಟ್ಟಬೇಡಿ. ಮರ ಬೆಳೆದಂತೆ ಅವು ಸರಿದು ಜಾಗ ಕೊಡುತ್ತವೆ. ಹೆಬ್ಬಾವು ಒಳಹೊಕ್ಕರೆ ಕೋಲು ಎತ್ತಬೇಡಿ. 1972ರ ವನ್ಯಜೀವಿ ರಕ್ಷಣಾ ಕಾಯಿದೆಯಂತೆ ಅದಕ್ಕೆ ರಕ್ಷಣೆಯುಂಟು. ಅರಣ್ಯ ಇಲಾಖೆಯವರಿಗೆ ತಿಳಿಸಿರಿ.

2020ರ ಬೇಸಗೆಯಲ್ಲಿ ನಮ್ಮ ಎರಡನೆಯ ಚಪ್ಪರ ಎದ್ದಿತು. ಈ ಸಲ ನಕ್ಷೆ ಹಾಕಿದವಳು ಮನೆಯಾಕೆ. ನನ್ನ ಕೆಂಪು ಶಾಯಿಯ ಪೆನ್ನನ್ನೇ ತೆಗೆದುಕೊಂಡು, ಹಳೆಯ ಉತ್ತರಪತ್ರಿಕೆಯ ಬೆನ್ನಿನ ಮೇಲೆ ಗೆರೆ ಎಳೆದಳು. ಬಾಗಿಲು ಮೂಡಣಕ್ಕೆ, ತಟ್ಟಿ ಪಡುವಣಕ್ಕೆ, ಮೊಟ್ಟೆಪೆಟ್ಟಿಗೆ ಮಳೆಯಲ್ಲಿ ಕೊಡೆ ಹಿಡಿದು ಹೊರಗಿನಿಂದಲೇ ಕೈ ಹಾಕುವಂತೆ. ಈ ಕೊನೆಯ ಅನುಕೂಲ ನನ್ನ ಬುದ್ಧಿಗೆ ಹೊಳೆಯುವಂಥದ್ದೇ ಅಲ್ಲ, ಏಕೆಂದರೆ ಮಳೆಯಲ್ಲಿ ಮೊಟ್ಟೆ ತರಲು ನಾನು ಒಂದು ದಿನವೂ ಹೋದವನಲ್ಲ. ಉಳಿದಿದ್ದ ನಾಲ್ಕು ಹೇಟೆಗಳಲ್ಲಿ ಒಂದು ಆ ವರ್ಷ ಕಾವಿಗೆ ಕೂತು ಒಂಬತ್ತು ಮರಿ ಎಬ್ಬಿಸಿತು. ಅಂದಿನಿಂದ ಬಂದ ಮಳೆಗಾಲಗಳನ್ನೆಲ್ಲ ಚಪ್ಪರ ತಾಳಿಕೊಂಡಿದೆ. ಬಿಸ್ಕತ್ತಿನ ಡಬ್ಬಿಯೂ ಮತ್ತೆ ತುಂಬುತ್ತಿದೆ.

ನೀವು ಚಪ್ಪರ ಕಟ್ಟುವ ಮನಸ್ಸಿನಲ್ಲಿದ್ದರೆ ಒಂದು ಕೆಲಸ ಮಾಡಿರಿ. ಕಟ್ಟುವುದು ಬೇಸಗೆಯಲ್ಲಿ, ಆದರೆ ಜಾಗ ನೋಡುವುದನ್ನು ಮಳೆಗಾಲದಲ್ಲೇ ಮುಗಿಸಿರಿ. ಒಂದು ಜಡಿಮಳೆಯ ದಿನ ಕೊಡೆ ಹಿಡಿದು ಹಿತ್ತಿಲಲ್ಲಿ ಅರ್ಧ ಗಂಟೆ ನಿಲ್ಲಿರಿ. ಮಳೆ ಯಾವ ಕಡೆಯಿಂದ ಹೊಡೆಯುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಯಾವ ಕೊಂಬೆ ಎಷ್ಟು ತೂಗುತ್ತದೆ, ಕೋಳಿಗಳು ಯಾವ ಮರೆಗೆ ಓಡುತ್ತವೆ, ನೋಡಿರಿ. ನಿಮ್ಮ ಮನೆಯಲ್ಲಿ ದಿನವೂ ಅವಕ್ಕೆ ಕಾಳು ಹಾಕುವವರು ಯಾರೋ ಅವರನ್ನೂ ಜೊತೆಗೆ ನಿಲ್ಲಿಸಿಕೊಂಡು, ಒಂದು ಮಾತು ಕೇಳಿರಿ. ನನಗೆ ಏಳು ಕೋಳಿ ಮತ್ತು ಅರ್ಧ ಮರದ ಬೆಲೆಗೆ ಸಿಕ್ಕಿದ ಪಾಠ ನಿಮಗೆ ಒಂದು ಕೊಡೆಯ ಬೆಲೆಗೆ ಸಿಕ್ಕೀತು.